ನಾನೂರಾ ಹನ್ನೆರಡು ಮಾರಿ

ಸೋಮವಾರಕ್ಕ ಕಾರ್ಡ್ ಬೇಕಂತ ಹೆಡ್‌ಮೇಡಂ ಫೋನ್ ಮಾಡ್ಯಾರ.
ಶಹಾಬಾದದ ಸ್ಟೇಶನ್ ರೋಡಿನ ಆರು ಫೂಟಿನ ಅಂಗಡ್ಯಾಗ
ನಾನು, ಒಂದು ಕಂಪ್ಯೂಟರು, ಅರ್ಧ ಕಪ್ ಚಾ,
ಮತ್ತ ಒಂದು ಫೋಲ್ಡರಿನ ತುಂಬ
ನಾನೂರಾ ಹನ್ನೆರಡು ಮಾರಿ.

ಮುಂಜಾನಿ ಸುಣ್ಣ ಬಳದ ಗ್ವಾಡಿ ಮುಂದ ನಿಂದ್ರಿಸಿ ಹೊಡದದ್ದು ಅರ್ಧ.
ಹನ್ನೊಂದಕ್ಕ ಬಿಸಲು ಚುಚ್ಚಲತ್ತಿತು,
ಮಕ್ಕಳು ಕಣ್ಣು ಕಿರಿದು ಮಾಡಿ ಮುದುಕರಂಗ ಕಾಣ್ಲತ್ತಿದ್ರು.
ಒಳಗ ಕರಕೊಂಡು ಹೋಗಿ ಕರೀ ಹಲಗಿ ಮುಂದ,
ಭಾಗಾಕಾರದ ಲೆಕ್ಕ ಒರಸಿ, ಉಳದರ್ಧ ಮುಗಿಸಿದೆ.
ಒರಸದೇ ಬಿಟ್ಟ 'ಶೇಷ ಎರಡು'
ಒಬ್ಬ ಹುಡುಗನ ಕಿವಿ ಮ್ಯಾಲ ಇನ್ನೂ ಅದ.

ಎಲ್ಲಾ ಆರಿಸಿದೆ. ಆಟೊ ಟೋನ್. ಒಂದೇ ಗುಂಡಿ.
ಹಸರು ಪಟ್ಟಿ ಸರಕೋತ ಹೋತು.
ಯಂತ್ರ ಯಾರ ಮಗಾ ನೀ ಅಂತ ಕೇಳಂಗಿಲ್ಲ.
ಬಿಳೀದು ಭಾಳ ಇದ್ರ ತುಸು ಇಳಿಸ್ತದ,
ಕರೀದು ಭಾಳ ಇದ್ರ ತುಸು ಏರಿಸ್ತದ,
ತಕ್ಕಡಿ ಮ್ಯಾಲಿನ ಬೆರಳಿನಂಗ.
ಚಾ ಕುಡದು ಕಪ್ ಇಡೂದ್ರಾಗ ಮುಗದಿತ್ತು.

ನನಗ ಕೆಲಸ ಕಲಿಸಿದ ಖುದ್ದೂಸ್ ಚಾಚಾ
ಕೆಂಪು ಬಲ್ಬಿನ ಖೋಲ್ಯಾಗ ಒಂದೊಂದು ಮಾರಿಗೆ ಬ್ಯಾರೆ ಎಣಸ್ತಿದ್ದ.
'ಈಕಿಗೆ ಏಳು. ಇಂವಗ ಹನ್ನೊಂದು, ಗಡಬಡ ಮಾಡಬ್ಯಾಡ.'
ದಿನಕ್ಕ ಹದಿನೈದು ಮಾರಿ ಆಗ್ತಿದ್ವು,
ಅದರಾಗ ಆರರ ರೊಕ್ಕ ಬಾಕಿ.
ಚಾಚಾನ ನೆನಸಿ ನಾ ಕೆಲಸ ನಿಂದ್ರಿಸಿದೆ ಅಂತ ತಿಳಕೋಬ್ಯಾಡ್ರಿ.
ಪ್ರಿಂಟ್ ತಗದೆ, ಲ್ಯಾಮಿನೇಶನ್ ಮಾಡ್ದೆ, ಬಿಲ್ ಬರದೆ.

ಬುಧವಾರ ಬಂದ ಫರ್ಸಿ ಪಾಲಿಶ್ ಮಾಡೋ ಮಲಕಪ್ಪ.
ಹುಬ್ಬಿನ ಮ್ಯಾಲ ಕಲ್ಲಿನ ಹಿಟ್ಟು, ಕೈಯಾಗ ಎರಡು ಕಾರ್ಡು:
ಭಾಗ್ಯವಂತಿ, ಗೌರಾಬಾಯಿ. ಅವಳಿ ಜವಳಿ.
ಒಬ್ಬಾಕಿ ಎ ಸೆಕ್ಷನ್, ಒಬ್ಬಾಕಿ ಬಿ.
ಗ್ವಾಡಿ ಮುಂದ ನಿಂತಾಕಿ ಕರ್ರಗ,
ಹಲಗಿ ಮುಂದ ನಿಂತಾಕಿ ಬೆಳ್ಳಗ.
'ಸಾಲ್ಯಾಗ ಆಗಲೇ ಹೆಸರಿಟ್ಟಾರ್ರಿ,' ಅಂದ, 'ಚಾ, ಹಾಲು ಅಂತ.'

ಎರಡೂ ಕಾರ್ಡ್ ಟೇಬಲ್ ಮ್ಯಾಲ ಜೋಡಿಸಿಟ್ಟ,
ಅಂಗಳಕ್ಕ ಫರ್ಸಿ ಕೂಡಿಸಿದಂಗ, ಸಂದು ಕಾಣದಂಗ.
'ಒಂದೇ ಖಣಿ ಕಲ್ಲು ಇವು.
ಒಂದು ಹಸಿ ಇಟ್ಟು, ಒಂದು ಒಣಗಿಸಿ ತೋರ್ಸಿದ್ರ
ಗಿರಾಕಿ ಎರಡು ಜಾತಿ ಅಂತಾನ.
ಬಣ್ಣ ಕೂಡಿಸಬೇಕಂದ್ರ ಎರಡಕ್ಕೂ ನೀರು ಹೊಡೀಬೇಕು,
ಆಮ್ಯಾಲ ನೋಡಬೇಕು.'

ಮೊದಲಿನ ಫೋಟೊ ತಗದೆ.
ಗ್ವಾಡಿ ಕತ್ತರಿಸಿದೆ, ಹಲಗಿ ಕತ್ತರಿಸಿದೆ,
ಬರೇ ಮಾರಿ ಉಳಿಸಿ ಬಾಜೂಕ ಬಾಜೂ ಇಟ್ಟು
ಕೈಲೇ ಏರಿಸ್ಕೋತ, ಇಳಿಸ್ಕೋತ,
ಮಲಕಪ್ಪ ಬೆನ್ನ ಹಿಂದ ನಿಂತು
'ಇನ್ನಾ ತುಸು… ಬಸ್, ಬಸ್' ಅನ್ಕೋತ
ಅರ್ಧ ತಾಸು ಹಿಡೀತು.
ಆ ಬಣ್ಣಕ್ಕ ಏನನ್ನಬೇಕು ಗೊತ್ತಿಲ್ಲ.
ತಿರುಗಿದೆ. ಹಿಟ್ಟು ಒರಸಿ ಹೋದ ಅವನ ಮೊಣಕೈ
ಅದೇ ಇತ್ತು.

ರೊಕ್ಕ ಬ್ಯಾಡಂದೆ. ಇಪ್ಪತ್ತು ಇಟ್ಟೇ ಹೋದ.

ಉಳದ ನಾನೂರಾ ಹತ್ತು ಮಾರಿಯ ಅಪ್ಪಗೋಳು ಬರಲಿಲ್ಲ,
ಅವ್ವಗೋಳೂ ಬರಲಿಲ್ಲ.
ಹೆಡ್‌ಮೇಡಂ ಮಾತ್ರ, 'ಎಲ್ಲಾ ಒಂದೇ ಸಮ ಬಂದಾವ, ಛಂದ' ಅಂದ್ರು.
ಮೊದಲಿನ ಫೋಲ್ಡರ್ ಇನ್ನೂ ಅದ.
ಅಳಿಸಿಲ್ಲ. ತಗದೂ ನೋಡಿಲ್ಲ.

ಮೊನ್ನೆ ರೈಲ್ವೆ ಗೇಟ್ ಹಾಕಿದಾಗ ಸಿಕ್ಕಿದ್ರು ಆ ಇಬ್ರು,
ಗೂಡ್ಸ್ ಗಾಡಿಯ ಡಬ್ಬಿ ಎಣಸ್ಕೋತ, ಕೊರಳಾಗ ಕಾರ್ಡು.
'ಭಾಗ್ಯವಂತಿ ಯಾರವಾ?'
ಇಬ್ರೂ ಕಿಸಕ್ಕಂದ್ರು.
ಕಾರ್ಡ್ ಅದಲಿಬದಲಿ ಹಾಕ್ಕೊಂಡು ವಾರ ಆತಂತ,
ಎ ಆಕಿ ಬಿ ಒಳಗ, ಬಿ ಆಕಿ ಎ ಒಳಗ ಕುಂತು ಬಂದಾರಂತ,
ಮೇಡಂಗ ಗೊತ್ತೇ ಆಗಿಲ್ಲಂತ.

ಗಾಡಿ ದಾಟಿ ಹೋತು.
'ಐವತ್ತೆಂಟು,' ಅಂದ್ಳು ಒಬ್ಬಾಕಿ.
'ಐವತ್ತೊಂಬತ್ತು,' ಅಂದ್ಳು ಇನ್ನೊಬ್ಬಾಕಿ.